ವ್ಯಾಸೆಕ್ಟಮಿ: ವಯಸ್ಸಾದ ಮೇಲೆ ಪುರುಷ ಹಾರ್ಮೋನು ಕುಗ್ಗುವುದೇ?

ವಿಜಯಪುರ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ತಾಲ್ಲೂಕುಗಳಲ್ಲಿಯೂ ರಾಜ್ಯದ ಉಳಿದೆಡೆಯಂತೆ ಕುಟುಂಬ ಯೋಜನೆಯ 'ಆಪರೇಷನ್' ಎಂದರೆ ಅದು ಹೆಂಗಸರ ಪಾಲಿನದು ಎಂಬ ಭಾವನೆ ಬೇರೂರಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದ 15ರಿಂದ 49 ವರ್ಷದೊಳಗಿನ ವಿವಾಹಿತ ಮಹಿಳೆಯರಲ್ಲಿ ಶೇ 57.4ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದಾರೆ. ಪುರುಷರ ಪ್ರಮಾಣ ಹೆಚ್ಚೂಕಡಿಮೆ ಶೂನ್ಯ. ಗಂಡಸುತನ ಕುಗ್ಗುತ್ತದೆ, ದುಡಿಯುವ ಶಕ್ತಿ ಉಡುಗುತ್ತದೆ ಎಂಬ ಭಯ ಇದಕ್ಕೆ ಒಂದು ಮುಖ್ಯ ಕಾರಣ. ವೈದ್ಯ ವಿಜ್ಞಾನದಲ್ಲಿ ಈ ಭಯಕ್ಕೆ ಆಧಾರವಿಲ್ಲ.

ಎರಡು ಬೇರೆ ದಾರಿಗಳು

ವೃಷಣಗಳು ಎರಡು ಕೆಲಸ ಮಾಡುತ್ತವೆ. ಒಂದು, ವೀರ್ಯಾಣುಗಳ ಉತ್ಪಾದನೆ. ಇನ್ನೊಂದು, ಟೆಸ್ಟೋಸ್ಟಿರೋನ್ ಎಂಬ ಪುರುಷ ಹಾರ್ಮೋನಿನ ಉತ್ಪಾದನೆ. ವೀರ್ಯಾಣುಗಳು ನಾಳದ ಮೂಲಕ ಹೊರಬರುತ್ತವೆ. ಹಾರ್ಮೋನು ನೇರವಾಗಿ ರಕ್ತಕ್ಕೆ ಸೇರುತ್ತದೆ. ವ್ಯಾಸೆಕ್ಟಮಿಯಲ್ಲಿ ಕತ್ತರಿಸಿ ಕಟ್ಟುವುದು ನಾಳವನ್ನು ಮಾತ್ರ. ಆದ್ದರಿಂದ ಹಾರ್ಮೋನಿನ ದಾರಿಗೆ ಅಡ್ಡಿಯಿಲ್ಲ. ಹೊರಬರಲಾಗದ ವೀರ್ಯಾಣುಗಳನ್ನು ದೇಹವೇ ಹೀರಿಕೊಳ್ಳುತ್ತದೆ.

ವಯಸ್ಸಿನ ಪಾತ್ರ

ನಲವತ್ತರ ಆಸುಪಾಸಿನಿಂದ ಟೆಸ್ಟೋಸ್ಟಿರೋನ್ ವರ್ಷಕ್ಕೆ ಸರಿಸುಮಾರು ಶೇ 1ರಂತೆ ಇಳಿಯುತ್ತಾ ಹೋಗುತ್ತದೆ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲೂ ಮಾಡಿಸಿಕೊಳ್ಳದವರಲ್ಲೂ ಈ ಇಳಿಕೆ ಉಂಟು. ಸಕ್ಕರೆ ಕಾಯಿಲೆ, ಬೊಜ್ಜು, ನಿದ್ರಾಹೀನತೆ ಹಾಗೂ ಕೆಲವು ಔಷಧಿಗಳು ಅದನ್ನು ಹೆಚ್ಚಿಸಬಲ್ಲವು.

ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ಸಾಲಿನಲ್ಲಿ, ದೇಶದಲ್ಲಿ 60 ಲಕ್ಷಕ್ಕೂ ಹೆಚ್ಚು ಪುರುಷರಿಗೆ ಈ ಶಸ್ತ್ರಚಿಕಿತ್ಸೆ ನಡೆಯಿತು. ಒತ್ತಾಯದ ಕಹಿ ನೆನಪು ಜನಮನದಲ್ಲಿ ಉಳಿಯಿತು. ಅಂದು ಮಾಡಿಸಿಕೊಂಡವರು ಈಗ ವೃದ್ಧರು. ಇಳಿವಯಸ್ಸಿನ ನಿಶ್ಶಕ್ತಿಗೆಲ್ಲ ಆ ಹಳೆಯ ಆಪರೇಷನ್ನೇ ಕಾರಣವೆಂದು ಕೈಚೆಲ್ಲಿದರೆ, ಸಕ್ಕರೆ ಕಾಯಿಲೆ ಅಥವಾ ರಕ್ತಹೀನತೆ ಪತ್ತೆಯಾಗದೆ ಉಳಿಯುವ ಅಪಾಯವಿದೆ.

ವಿಚಿತ್ರವೆಂದರೆ, 1920ರ ದಶಕದಲ್ಲಿ ಯುರೋಪಿನಲ್ಲಿ ಇದಕ್ಕೆ ತದ್ವಿರುದ್ಧವಾದ ನಂಬಿಕೆಯಿತ್ತು. ವಿಯೆನ್ನಾದ ವಿಜ್ಞಾನಿ ಯೂಜೆನ್ ಸ್ಟೈನಾಕ್, ನಾಳ ಕಟ್ಟಿದರೆ ಯೌವನ ಮರಳುವುದೆಂದು ಪ್ರತಿಪಾದಿಸಿದ್ದರು. ಕವಿ ಯೇಟ್ಸ್ 1934ರಲ್ಲಿ ಇಂತಹ ಚಿಕಿತ್ಸೆ ಪಡೆದಿದ್ದರು. ಆ ನಂಬಿಕೆಯೂ ಸುಳ್ಳಾಯಿತು.

ತಿಳಿದಿರಬೇಕಾದ ಅಂಶಗಳು

* ಹೊಲಿಗೆಯಿಲ್ಲದ ವಿಧಾನವನ್ನು 1974ರಲ್ಲಿ ಚೀನಾದ ವೈದ್ಯ ಲೀ ಶುನ್‌ಚಿಯಾಂಗ್ ರೂಪಿಸಿದರು. ಆ ಭಾಗವನ್ನಷ್ಟೇ ಮರಗಟ್ಟಿಸಿ ಚಿಕಿತ್ಸೆ ನೀಡಲಾಗುತ್ತದೆ. ಸಾಮಾನ್ಯವಾಗಿ ಅಂದೇ ಮನೆಗೆ ಹೋಗಬಹುದು.
* ಕೆಲವು ದಿನ ಭಾರ ಎತ್ತಬಾರದು. ನಂತರ ಎಂದಿನ ದುಡಿಮೆಗೆ ಅಡ್ಡಿಯಿಲ್ಲ.
* ಫಲ ತಕ್ಷಣ ದೊರೆಯದು. ಮೂರು ತಿಂಗಳ ಬಳಿಕ ವೀರ್ಯ ಪರೀಕ್ಷೆಯಲ್ಲಿ ವೀರ್ಯಾಣುಗಳಿಲ್ಲವೆಂದು ಖಚಿತವಾಗುವವರೆಗೆ ಕಾಂಡೋಮ್ ಮೊದಲಾದ ಬೇರೆ ವಿಧಾನ ಬಳಸಬೇಕು.
* ಇದನ್ನು ಶಾಶ್ವತ ವಿಧಾನವೆಂದೇ ಭಾವಿಸಬೇಕು. ನಾಳವನ್ನು ಮರುಜೋಡಿಸಿದರೂ ಯಶಸ್ಸು ಖಚಿತವಲ್ಲ.
* ಕೆಲವರಲ್ಲಿ ನೋವು ದೀರ್ಘಕಾಲ ಉಳಿಯಬಹುದು. ಅಂಥವರು ವೈದ್ಯರನ್ನು ಕಾಣಬೇಕು.
* ಹಾರ್ಮೋನು ಕೊರತೆಯ ಶಂಕೆಯಿದ್ದರೆ ಬೆಳಗಿನ ಹೊತ್ತಿನ ರಕ್ತಪರೀಕ್ಷೆ ಅಗತ್ಯ. ವೈದ್ಯರ ಸಲಹೆಯಿಲ್ಲದೆ ಹಾರ್ಮೋನು ಚುಚ್ಚುಮದ್ದು ಪಡೆಯುವುದು ಸಲ್ಲದು.

ಆಸಕ್ತರು ತಮ್ಮ ತಾಲ್ಲೂಕು ಆಸ್ಪತ್ರೆ ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬಹುದು.