ಜೋಗುಲಾಂಬ: ಒಂದು ಹೆಸರಿನ ಏಳುಬೀಳು

ಸ್ಪೇನಿನಲ್ಲಿ ಪಿಲಾರ್ ಎಂಬ ಹೆಣ್ಣು ಹೆಸರಿದೆ. ಎಬ್ರೊ ನದಿಯ ದಡದ ಸರಗೋಸಾದಲ್ಲಿ ಕಂಬದ ಮೇಲೆ ನಿಂತ ಮೇರಿಮಾತೆಯಿಂದ ಬಂದ ಹೆಸರದು. ಅಜ್ಜಿಯರ ತಲೆಮಾರಿನಲ್ಲಿ ಮನೆಮನೆಯಲ್ಲಿದ್ದದ್ದು ಈಗಿನ ಕೂಸುಗಳಲ್ಲಿ ವಿರಳ. ತುಂಗಭದ್ರೆಯ ದಡದ ಆಲಂಪುರದ ದೇವಿ ಜೋಗುಲಾಂಬೆಯ ಹೆಸರೂ ಹೀಗೆಯೇ ಹೆಣ್ಣುಮಕ್ಕಳಿಗೆ ಬಂತು. ಆದರೆ ಅದು ಹಿಂದೆ ಸರಿದುದರ ಕಾರಣ ಬೇರೆ, ನೋವಿನದು.

ಕನ್ನಡಿಗರು ಜೋಗುಲಾಂಬ ಎಂದ ಕೂಡಲೇ ತೊಟ್ಟಿಲ ಜೋಗುಳವನ್ನು ನೆನೆಯುತ್ತೇವೆ. ತೆಲುಗಿನಲ್ಲಿ 'ಜೋಗುಳಾಂಬ' ಎಂದೂ ಬರೆಯುವುದುಂಟಾದ್ದರಿಂದ ಈ ಭಾವನೆ ಇನ್ನಷ್ಟು ಗಟ್ಟಿಯಾಗುತ್ತದೆ. ಅರ್ಥ ಚೆಂದವೇ, ಆದರೆ ವ್ಯುತ್ಪತ್ತಿ ಅದಲ್ಲ. ಯಾತ್ರೆ ಜಾತ್ರೆಯಾದಂತೆ, ಯಮ ಜವನಾದಂತೆ ಯೋಗಿ ಜೋಗಿಯಾದ. ವೈಯಾಕರಣ ಕೇಶಿರಾಜ ಅಪಭ್ರಂಶ ಪ್ರಕರಣದಲ್ಲಿ ವಿಚಾರ ಮಾಡಿದ್ದು ಇಂಥ ರೂಪಗಳನ್ನೇ. ತೆಲುಗಿನಲ್ಲಿ ಜೋಗಿಯ ಬಹುವಚನ ಜೋಗುಲು, ಅದರ ಷಷ್ಠೀರೂಪ ಜೋಗುಲ. ಅಂದರೆ ಇವಳು ಜೋಗಿಗಳ ತಾಯಿ. ಕೊನೆಯ 'ಅಂಬ' ಸಂಸ್ಕೃತದ್ದು; ಊರವರ ಬಾಯಲ್ಲಿ ಅದು ಅಮ್ಮನೇ.

ಆಲಂಪುರದ ನವಬ್ರಹ್ಮ ಗುಡಿಗಳು ಬಾದಾಮಿ ಚಾಲುಕ್ಯರ ಕಾಲದವು, 7-8ನೆಯ ಶತಮಾನದವು. ಹದಿನೆಂಟು ಶಕ್ತಿಪೀಠಗಳ ಎಣಿಕೆಯಲ್ಲಿ ಜೋಗುಲಾಂಬೆ ಐದನೆಯವಳು. ಹಳೆಯ ಗುಡಿ ಹಾಳಾದ ಮೇಲೆ ಅವಳ ವಿಗ್ರಹ ಬಹುಕಾಲ ಬಾಲಬ್ರಹ್ಮೇಶ್ವರನ ಗುಡಿಯ ಆಶ್ರಯದಲ್ಲಿತ್ತು. ಹೊಸ ಗುಡಿಯಾದದ್ದು 2005ರಲ್ಲಿ. ಆಲಂಪುರ, ಗದ್ವಾಲ ತಾಲ್ಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದವು ಎಂಬುದನ್ನು ಇಲ್ಲಿ ನೆನೆಯಬೇಕು. ಈ ಹೆಸರನ್ನು ಎರಡೂ ಭಾಷೆಯ ಕಿವಿಗಳು ಕೇಳುತ್ತ ಬಂದಿವೆ.

ಜೋಗಿ ಎಂಬ ಅದೇ ಬೇರಿನಿಂದ ಇನ್ನೆರಡು ಮಾತು ಹುಟ್ಟಿದವು. ಕನ್ನಡದ ಕಡೆ ಜೋಗಮ್ಮ ಎಂದರೆ ಎಲ್ಲಮ್ಮನ ಹೆಸರಿನಲ್ಲಿ ದೀಕ್ಷೆಯ ಮುತ್ತು ಕಟ್ಟಿಸಿಕೊಂಡು, ಪಡ್ಡಲಗಿ ಬುಟ್ಟಿ ಹೊತ್ತು ಮನೆಮನೆ ತಿರುಗುವವಳು. ನಾರಾಯಣಪೇಟೆ, ಮಕ್ತಲ್ ಸೀಮೆಯಲ್ಲಿ ದೇವರಿಗೆ ಬಿಟ್ಟ ಹೆಣ್ಣನ್ನು ಜೋಗಿನಿ ಎನ್ನುತ್ತಾರೆ. ಹಾಗೆ ಬಿಟ್ಟದ್ದು ಹೆಚ್ಚಾಗಿ ದಲಿತ ಮನೆಗಳ ಎಳೆಯ ಹುಡುಗಿಯರನ್ನು. ಯೋಗಿನಿ ಎಂಬ ಗೌರವದ ಪದ ಊರ ಗಂಡಸರ ಭೋಗಕ್ಕೆ ಒಪ್ಪಿಸಿದ ಕೂಸಿನ ಪಟ್ಟವಾದುದಕ್ಕಿಂತ ಕ್ರೂರವಾದ ಅರ್ಥಪಲ್ಲಟ ನನಗೆ ತಿಳಿದಿಲ್ಲ. ಈ ಪದ್ಧತಿಯನ್ನು ಕರ್ನಾಟಕ 1982ರಲ್ಲೂ ಆಂಧ್ರಪ್ರದೇಶ 1988ರಲ್ಲೂ ಕಾಯ್ದೆಯಿಂದ ನಿಷೇಧಿಸಿದವು. ಕಾಯ್ದೆಗೆ ಪದದ ಕಳಂಕ ತೊಳೆಯಲಾಗಲಿಲ್ಲ.

ಮಗಳನ್ನು ಶಾಲೆಗೆ ಸೇರಿಸುವ ತಾಯಿ 'ಜೋಗ' ಇರುವ ಹೆಸರಿಗೆ ಹಿಂಜರಿದದ್ದು ಇದರಿಂದಲೇ ಎಂಬುದು ನನ್ನ ತರ್ಕ. ಹಳೆಯದಾಯಿತೆಂಬುದಷ್ಟೇ ಕಾರಣವಾಗಿದ್ದರೆ ಎಲ್ಲಮ್ಮನಿಗೆ ಆದದ್ದೇ ಇವಳಿಗೂ ಆಗಬೇಕಿತ್ತು. ಎಲ್ಲಮ್ಮ ರೇಣುಕಾ ಆಗಿ ಹಾಜರಿಪಟ್ಟಿಯಲ್ಲಿ ಉಳಿದಳು. ಜೋಗುಲಾಂಬೆಗೆ ಅಂಥ ಇನ್ನೊಂದು ಹೆಸರು ಒದಗಲಿಲ್ಲ.

2016ರ ಅಕ್ಟೋಬರ್ 11ರಂದು ತೆಲಂಗಾಣ ಸರ್ಕಾರ ಹೊಸ ಜಿಲ್ಲೆಗೆ ಜೋಗುಲಾಂಬ ಗದ್ವಾಲ ಎಂದು ಹೆಸರಿಟ್ಟಿತು. ಅಲ್ಲಿ ಹುಟ್ಟಿದ ಕೂಸಿನ ಜನನಪತ್ರದಲ್ಲಿ ಜಿಲ್ಲೆಯ ಜಾಗದಲ್ಲಿ ಆ ತಾಯಿ ಇದ್ದೇ ಇರುತ್ತಾಳೆ. ಕೂಸಿನ ಹೆಸರಿನ ಜಾಗದಲ್ಲಿ ಅಪರೂಪ.