ತವಂದಿ ಘಾಟಿನ ಮೇಲೆ ನಿಂತು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದರೆ ಕಬ್ಬು, ತಂಬಾಕು, ಕೃಷ್ಣೆಯ ದಂಡೆ, ಎರಿ ಹೊಲ. ಈ ಸೀಮೆಗೆ ಗುಡ್ಡವೂ ಇದೆ ಎಂದು ಯಾರೂ ಹೇಳುವುದಿಲ್ಲ. ಗುಡ್ಡ ನೋಡಬೇಕೆಂದರೆ ನಮ್ಮವರು ಅಂಬೋಲಿಗೋ ಪನ್ಹಾಳಕ್ಕೋ ಗಾಡಿ ಕಟ್ಟುತ್ತಾರೆ, ದುಡ್ಡಿದ್ದವರು ಹಿಮ ನೋಡಲು ಗುಲ್ಮಾರ್ಗಕ್ಕೆ ಹೋಗುತ್ತಾರೆ. ನಿಪ್ಪಾಣಿಯ ತಲೆಯ ಮೇಲೇ ನಿಂತಿರುವ ಸ್ತವನಿಧಿ ಗುಡ್ಡ, ಜನರ ಬಾಯಲ್ಲಿ ತವಂದಿ ಘಾಟು, ಅವರ ಪಾಲಿಗೆ ಗೇರು ಇಳಿಸಿ ದಾಟಬೇಕಾದ ಏರು ಮಾತ್ರ.

ಸಹ್ಯಾದ್ರಿಯಿಂದ ಮೂಡಣಕ್ಕೆ ಚಾಚಿದ ಒಂದು ಕವಲು ಇದು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿದ ಲಾವಾದ ಕರಿಕಲ್ಲಿನ ಗುಡ್ಡ. ಅದಕ್ಕೇ ನೆತ್ತಿ ಚಪ್ಪಟೆ, ಮೈ ಮೆಟ್ಟಿಲು ಮೆಟ್ಟಿಲು. ಬುಡದಲ್ಲಿ ಗರಸು ನೆಲ, ಮೇಲೆ ಹುಲ್ಲು. ಎತ್ತರ ದೊಡ್ಡದೇನಲ್ಲ, ಅದು ಮಾಡುವ ಕೆಲಸ ದೊಡ್ಡದು. ಗುಡ್ಡದ ಬಡಗಣ ಮೈಗೆ ಬಿದ್ದ ಮಳೆ ವೇದಗಂಗೆಗೆ ಇಳಿಯುತ್ತದೆ. ವೇದಗಂಗೆ ಭೋಜದ ಹತ್ತಿರ ದೂಧಗಂಗೆಯನ್ನು ಕೂಡಿ ಮುಂದೆ ಕೃಷ್ಣೆಗೆ ಸೇರುತ್ತದೆ. ತೆಂಕಣ ಮೈಯ ನೀರು ಸಂಕೇಶ್ವರದ ಕಡೆಯ ಹಿರಣ್ಯಕೇಶಿಗೆ ಹೋಗಿ, ಘಟಪ್ರಭೆಯೊಂದಿಗೆ ಗೋಕಾಕದಲ್ಲಿ ಧುಮುಕಿ, ಬಾಗಲಕೋಟೆ ಜಿಲ್ಲೆಯಲ್ಲಿ ಅದೇ ಕೃಷ್ಣೆಯನ್ನು ಕಾಣುತ್ತದೆ. ಅಕ್ಕಪಕ್ಕ ಬಿದ್ದ ಎರಡು ಹನಿ ಮತ್ತೆ ಭೇಟಿಯಾಗುವುದು ಅಷ್ಟು ದೂರದಲ್ಲಿ.

ಮಳೆಯ ಲೆಕ್ಕ ಇನ್ನೂ ಬೆರಗಿನದು. ಹಿರಣ್ಯಕೇಶಿ ಹುಟ್ಟುವ ಅಂಬೋಲಿಯಲ್ಲಿ ವರ್ಷಕ್ಕೆ 7000 ಮಿ.ಮೀ. ಮೀರಿ ಸುರಿದರೆ, ಅಲ್ಲಿಂದ 150 ಕಿ.ಮೀ. ಒಳಗಿರುವ ಅಥಣಿಯಲ್ಲಿ 600 ಮಿ.ಮೀ. ಆದರೆ ಪುಣ್ಯ. ಘಾಟು ಇವೆರಡರ ನಡುವೆ ನಿಂತಿದೆ. ಆಷಾಢದಲ್ಲಿ ಮೇಲೆ ನಿಂತರೆ ಪಡುವಣಕ್ಕೆ ಮೋಡ ಗುಡ್ಡದ ಮೇಲೆ ಕೂತುಬಿಟ್ಟಿರುತ್ತದೆ, ಮೂಡಣಕ್ಕೆ ಚಿಕ್ಕೋಡಿಯ ಮಡ್ಡಿ ಹೊಲಗಳ ಮೇಲೆ ಬಿಸಿಲು. ಕುರಿಗಾರರಿಗೆ ಈ ಲೆಕ್ಕ ಯಾರೂ ಕಲಿಸಬೇಕಿಲ್ಲ: ಮಳೆ ಹಿಡಿದರೆ ಕುರಿಯ ಗೊರಸು ಕೊಳೆಯುತ್ತದೆಂದು ಹಿಂಡನ್ನು ಒಣ ಸೀಮೆಗೆ ಹೊಡೆಯುತ್ತಾರೆ, ಸುಗ್ಗಿ ಮುಗಿದ ಮೇಲೆ ಮತ್ತೆ ಪಡುವಣಕ್ಕೆ ತಿರುಗುತ್ತಾರೆ.

ಘಾಟು ಇದ್ದಲ್ಲಿ ದೇವರೂ ಇರುತ್ತಾನೆ. ಆಲ್ಪ್ಸ್ ಪರ್ವತದಲ್ಲಿ, ಸ್ವಿಟ್ಜರ್ಲೆಂಡಿನಿಂದ ಇಟಲಿಗೆ ದಾಟುವ ಗ್ರೇಟ್ ಸೇಂಟ್ ಬರ್ನಾರ್ಡ್ ಘಾಟಿಯ 2469 ಮೀಟರ್ ಎತ್ತರದಲ್ಲಿ 11ನೆಯ ಶತಮಾನದಿಂದಲೂ ಕ್ರೈಸ್ತ ಸನ್ಯಾಸಿಗಳ ಧರ್ಮಶಾಲೆಯಿದೆ. ಸ್ಕೀ ಆಟದ ಊರುಗಳು ಆ ಪರ್ವತಕ್ಕೆ ಬಂದದ್ದು ತೀರಾ ಈಚೆಗೆ. ಮೊದಲು ಬಂದದ್ದು ದಾರಿಹೋಕನಿಗೆ ಅನ್ನ, ಆಸರೆ. ನಮ್ಮ ಘಾಟಿನಲ್ಲಿ ಜೈನರ ಸ್ತವನಿಧಿ ಕ್ಷೇತ್ರವಿದೆ. ನವಖಂಡ ಪಾರ್ಶ್ವನಾಥನ ಬಸದಿ, ಜೊತೆಗೆ ಕ್ಷೇತ್ರಪಾಲ ಬ್ರಹ್ಮದೇವ. ಇಲ್ಲಿಗೆ ಬರುವವರಲ್ಲಿ ಸೇಠರಿಗಿಂತ ಒಕ್ಕಲುತನದ ಜೈನರೇ ಹೆಚ್ಚು. ಹೊಲದ ಕೆಲಸ ಮುಗಿಸಿ ಕೈಕಾಲು ತೊಳೆದು ಬಂದ ಜನ. 1899ರಲ್ಲಿ ಹುಟ್ಟಿದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯ ಮೊದಮೊದಲ ಕೂಟಗಳು ಸೇರಿದ್ದು ಇದೇ ಗುಡ್ಡದ ಮಡಿಲಲ್ಲಿ. ಮಕ್ಕಳ ಓದಿನ, ವಸತಿ ನಿಲಯಗಳ ಮಾತು ಅಲ್ಲಿ ನಡೆಯಿತು. ಅದೇ ಸೀಮೆಯ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಆ.ನೇ. ಉಪಾಧ್ಯೆ ಪ್ರಾಕೃತದ ಜಗದ್ವಿಖ್ಯಾತ ಪಂಡಿತರಾದರು. ಈ ಗುಡ್ಡದ ಸುತ್ತಿನ ಬೆಳೆಗಳಲ್ಲಿ ವಿದ್ಯೆಯನ್ನೂ ಸೇರಿಸಿಯೇ ಎಣಿಸಬೇಕು.

ಗುಡ್ಡದ ಕೆಳಗಿನ ಹೆದ್ದಾರಿಗೆ ಬೇರೆಯೇ ನೆನಪಿದೆ. 1981ರಲ್ಲಿ ತಂಬಾಕಿಗೆ ನ್ಯಾಯದ ದರ ಬೇಕೆಂದು ರೈತರು ಶರದ್ ಜೋಶಿಯವರ ಮುಂದಾಳ್ತನದಲ್ಲಿ ನಿಪ್ಪಾಣಿಯ ಬಳಿ ಪುಣೆ–ಬೆಂಗಳೂರು ರಸ್ತೆಯ ಮೇಲೇ ಬಿಡಾರ ಹೂಡಿದರು. ಮೂರು ವಾರ ಕಳೆದರೂ ಏಳಲಿಲ್ಲ. ಅಲ್ಲೇ ರೊಟ್ಟಿ, ಅಲ್ಲೇ ನಿದ್ದೆ, ಅಲ್ಲೇ ಸಭೆ. ಏಪ್ರಿಲ್ 6ರಂದು ಗೋಲಿಬಾರ್ ನಡೆದು ರೈತರು ಪ್ರಾಣ ಕಳೆದುಕೊಂಡರು. ಆ ದಾರಿಯಲ್ಲಿ ಗಂಟೆಗೆ ನೂರು ಕಿಲೋಮೀಟರ್ ಓಡುವ ಹುಡುಗರಿಗೆ ಇದನ್ನು ಹೇಳುವವರು ಬೇಕು.

2019ರ ಆಗಸ್ಟಿನಲ್ಲಿ ಅದೇ ರಸ್ತೆಯನ್ನು ಹೊಳೆ ಕಟ್ಟಿಹಾಕಿತು. ಯಮಗರ್ಣಿಯ ಬಳಿ ವೇದಗಂಗೆ ಹೆದ್ದಾರಿಯ ಮೇಲೇರಿತು, ಲಾರಿಗಳು ಸಾಲುಗಟ್ಟಿ ನಿಂತವು. 2021ರ ಜುಲೈನಲ್ಲಿ ಮತ್ತೆ ಅದೇ ಪಾಡು. ಮೇಲಿನ ಗುಡ್ಡಗಳು ನೀರನ್ನು ಹಿಡಿದಿಡದೆ ಒಮ್ಮೆಲೆ ಬಿಟ್ಟುಕೊಟ್ಟರೆ ಕೆಳಗಿನ ಊರುಗಳ ಗತಿ ಏನೆಂದು ಆ ಎರಡು ಮಳೆಗಾಲ ತೋರಿಸಿಕೊಟ್ಟವು. ಹುಲ್ಲು, ಕುರುಚಲು ಗಿಡ, ಗರಸು ಸೇರಿ ಮಳೆಯನ್ನು ಕುಡಿದು ಮೆಲ್ಲಗೆ ಬಿಡುತ್ತವೆ. ಗುಡ್ಡ ಕಡಿದು ಗರಸು ತುಂಬಿಕೊಂಡು ಹೋದಷ್ಟೂ ಆ ಕುಡಿಯುವ ಶಕ್ತಿ ಕುಗ್ಗುತ್ತದೆ.

ಗುಡ್ಡ ಕಂಡಲ್ಲೆಲ್ಲ ರೆಸಾರ್ಟ್, ರೋಪ್‌ವೇ ಆಗಲಿ ಎನ್ನುವ ಕಾಲ ಇದು. ತವಂದಿಗೆ ಅವು ಬೇಡವೆಂದೇ ನನ್ನ ಅಭಿಪ್ರಾಯ. ಇಲ್ಲಿ ಬೇಕಾದದ್ದು ನೆತ್ತಿಗೆ ಹೋಗುವ ಒಂದು ಕಾಲುದಾರಿ, ನಾಲ್ಕು ಕಲ್ಲಿನ ಕಟ್ಟೆ, ಎರಡೂ ಕಡೆಯ ಹೊಳೆಗಳ ಹೆಸರು ಬರೆದ ಒಂದು ಫಲಕ. ಶಾಲೆಯ ಮಕ್ಕಳನ್ನು ಭೂಗೋಳದ ಪಾಠಕ್ಕೆ ಇಲ್ಲಿಗೇ ಕರೆತನ್ನಿ, ಜಲವಿಭಾಜಕ ಎಂದರೇನೆಂದು ಅವರು ಕಣ್ಣಾರೆ ನೋಡಲಿ. ಮತ್ತು ಬೆಳಗಾವಿಯಿಂದ ಕೊಲ್ಹಾಪುರಕ್ಕೆ ಹೋಗುವವರು ಅರ್ಧ ತಾಸು ಮೊದಲೇ ಮನೆ ಬಿಡಿ. ಸ್ತವನಿಧಿಯಲ್ಲಿ ಇಳಿದು ಗುಡ್ಡ ನೋಡಿ ಮುಂದೆ ಹೋಗಿ.