ಗೊಂಬೆರೈಲೂ ಬರಗಾಲದ ಏರಿಯೂ

ನಮ್ಮ ಗೋಕುಲಂ ಬಡಾವಣೆಯಲ್ಲಿ ಹಲವು ಬಗೆಯ ಕೂಟಗಳುಂಟು. ಯೋಗ ಕಲಿಯಲೆಂದು ಕಡಲಾಚೆಯಿಂದ ಬಂದವರ ಕೂಟ ಒಂದು. ಬೆಳಗಿನ ನಡಿಗೆಯವರದು ಇನ್ನೊಂದು. ಸಂಜೆಯ ಹರಟೆಯವರದು ಮತ್ತೊಂದು. ನಾನು ಸೇರಿರುವ ಗೋಷ್ಠಿ ಬಹಳ ಚಿಕ್ಕದು. ಅದರಲ್ಲಿ ಒಬ್ಬರು ರೈಲ್ವೆ ಕಾರ್ಯಾಗಾರದಲ್ಲಿ ದುಡಿದು ನಿವೃತ್ತರಾದವರು, ಒಬ್ಬರು ಬ್ಯಾಂಕಿನಲ್ಲಿದ್ದವರು, ಇನ್ನೊಬ್ಬರು ಔಷಧಿ ಅಂಗಡಿಯವರು, ನಾಲ್ಕನೆಯವನು ನಾನು, ಹಳಗನ್ನಡದ ಪಾಠ ಹೇಳಿ ಈಗ ಪಿಂಚಣಿ ಪಡೆಯುತ್ತಿರುವವನು. ನಮ್ಮನ್ನು ಒಂದುಗೂಡಿಸಿರುವುದು ರೈಲು. ಭಾನುವಾರದ ಸಂಜೆ ಬ್ಯಾಂಕಿನ ಮಿತ್ರರ ಮಹಡಿಯ ಕೋಣೆಯಲ್ಲಿ ಸೇರುತ್ತೇವೆ. ಕಾಫಿ ಬರುತ್ತದೆ, ಮಾತು ಹೊರಡುತ್ತದೆ. ಅದು ಯಾವ ನಿಲ್ದಾಣದಲ್ಲಿ ನಿಂತೀತೆಂದು ಹೇಳುವಂತಿಲ್ಲ.

ಆ ಕೋಣೆಯ ಮುಕ್ಕಾಲು ಭಾಗವನ್ನು ಒಂದು ಹಲಗೆಯ ಮೇಜು ಆಕ್ರಮಿಸಿದೆ. ಅದರ ಮೇಲೆ ಶ್ರೀರಂಗಪಟ್ಟಣವಿದೆ. ಕಾವೇರಿಯ ಎರಡು ಕವಲುಗಳಿವೆ. ಕೋಟೆಯೊಳಗೆ ನುಗ್ಗಿ ರಂಗನಾಥನ ಗುಡಿಯ ಪಕ್ಕದಲ್ಲಿ ಹಾದುಹೋಗುವ ರೈಲುಕಂಬಿಯಿದೆ. ಎಲ್ಲವೂ ಅಂಗೈಯಳತೆಯವು. ಜೋಡಿಹಳಿ ಹಾಕುವುದಕ್ಕಾಗಿ ಟಿಪ್ಪುವಿನ ಮದ್ದಿನ ಮನೆಯೊಂದನ್ನು 2017ರಲ್ಲಿ ಇಡಿಯಾಗಿ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದ್ದು ಕೇಳುಗರಿಗೆ ನೆನಪಿರಬಹುದು. ನಮ್ಮ ಮಿತ್ರರು ಅದನ್ನು ಹಳೆಯ ಜಾಗದಲ್ಲಿಯೇ ಉಳಿಸಿಕೊಂಡಿದ್ದಾರೆ. ಏಕೆಂದರೆ ಅವರ ಮೇಜಿನ ಮೇಲೆ ಕಾಲ ಇನ್ನೂ ಮೀಟರ್ ಗೇಜಿನದು.

ಇದು ವಯಸ್ಸಾದವರ ಮಕ್ಕಳಾಟವೆಂದು ಯಾರಾದರೂ ನಕ್ಕರೆ ನಮಗೆ ಬೇಸರವಿಲ್ಲ. ಮೈಸೂರಿನಲ್ಲಿ ಹುಟ್ಟಿದವರಿಗೆ ಜಗತ್ತನ್ನು ಕಿರಿದುಗೊಳಿಸಿ ಜೋಡಿಸುವ ವಿದ್ಯೆ ಹೊಸದಲ್ಲ. ನವರಾತ್ರಿಯಲ್ಲಿ ನಮ್ಮ ತಾಯಂದಿರು ಮಾಡುತ್ತಿದ್ದುದು ಅದನ್ನೇ ಅಲ್ಲವೆ? ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು. ಕೆಳಗೆ ಶೆಟ್ಟರ ಅಂಗಡಿ, ಮದುವೆಯ ದಿಬ್ಬಣ, ರಾಗಿಯ ಪೈರಿನ ಹೊಲ. ನಮ್ಮ ಮನೆಯಲ್ಲಿ ಆ ಹೊಲದ ಸುತ್ತ ಕೀಲಿ ಕೊಟ್ಟರೆ ಓಡುವ ತಗಡಿನ ರೈಲೊಂದು ಸುತ್ತುತ್ತಿತ್ತು. ಪಕ್ಕದ ಮನೆಯವರದು ಚನ್ನಪಟ್ಟಣದ ಅರಗಿನ ಬಣ್ಣದ ಮರದ ರೈಲು. ಅದನ್ನು ದಾರ ಕಟ್ಟಿ ಎಳೆಯಬೇಕಾಗಿತ್ತು. ಆ ಚನ್ನಪಟ್ಟಣವೂ ಬೆಂಗಳೂರು–ಮೈಸೂರು ಹಾದಿಯ ಮೇಲೆಯೇ ಇರುವ ಊರೆಂಬುದು ಆಗ ನನಗೆ ದೊಡ್ಡ ವಿಸ್ಮಯವಾಗಿತ್ತು. ನಿಜವಾದ ರೈಲಿನಲ್ಲಿ ಕುಳಿತು, ಗೊಂಬೆರೈಲು ಹುಟ್ಟುವ ಊರನ್ನು ದಾಟಿ ಹೋಗುವುದೆಂದರೆ ಕಡಮೆಯ ಮಾತೆ?

ಈಗ ನಮ್ಮ ಗೋಷ್ಠಿಯಲ್ಲಿ ಎದ್ದ ಒಂದು ವ್ಯಾಜ್ಯದ ವಿಷಯ ಹೇಳುತ್ತೇನೆ. ಕಳೆದ ವರ್ಷ ಬ್ಯಾಂಕಿನ ಮಿತ್ರರು ಬಹಳ ಹಣ ತೆತ್ತು ವಿದೇಶದ ಹಳಿಗಳನ್ನು ತರಿಸಿದರು. ಕಾರ್ಯಾಗಾರದ ಮಿತ್ರರು ಕನ್ನಡಕ ಏರಿಸಿ, ಜೇಬಿನಿಂದ ಅಳತೆಪಟ್ಟಿ ತೆಗೆದು, ‘ಸ್ವಾಮಿ, ಇದು ನಮ್ಮ ರೈಲಲ್ಲ’ ಎಂದುಬಿಟ್ಟರು. ಅಂದು ನಮ್ಮೊಡನೆ ಯೋಗಾಭ್ಯಾಸಕ್ಕೆ ಬಂದಿದ್ದ ಜರ್ಮನಿಯ ತರುಣನೊಬ್ಬನೂ ಇದ್ದ. ಲೆಕ್ಕವನ್ನು ಬಿಡಿಸಿ ಹೇಳಿದವನು ಅವನೇ. ಮಾದರಿ ರೈಲುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ ನಿಜದ 87ನೆಯ ಒಂದು ಪಾಲು. ಯೂರೋಪಿನ ಬಹುಭಾಗದಲ್ಲಿ ಹಳಿಗಳ ನಡುವಣ ಅಗಲ 1435 ಮಿಲಿಮೀಟರು. ಅದನ್ನು 87ರಿಂದ ಭಾಗಿಸಿದರೆ ಹದಿನಾರೂವರೆ ಬರುತ್ತದೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಹಳಿ ಅದೇ. ನಮ್ಮ ಬ್ರಾಡ್ ಗೇಜಿನ ಅಗಲ 1676 ಮಿಲಿಮೀಟರು. ಅದಕ್ಕೆ ಹತ್ತೊಂಬತ್ತಕ್ಕೂ ಮಿಗಿಲಾದ ಅಗಲ ಬೇಕು. ಮೀಟರ್ ಗೇಜಿನದು ಸಾವಿರ. ಅದಕ್ಕೆ ಹನ್ನೊಂದೂವರೆ ಸಾಕು. ಅಂದರೆ ಆ ಹದಿನಾರೂವರೆಯ ಹಳಿ ನಮ್ಮ ಎರಡರಲ್ಲಿ ಒಂದಕ್ಕೂ ಹೊಂದದು. ಜರ್ಮನಿಯ ಮ್ಯಾರ್ಕ್ಲಿನ್ ಕಂಪನಿಯವರು ಲೈಪ್‌ಜಿಗ್ ಜಾತ್ರೆಯಲ್ಲಿ ಗೊಂಬೆರೈಲಿನ ಹಳಿಗಳಿಗೆ ನಿಯತವಾದ ಅಳತೆಗಳನ್ನು ಗೊತ್ತುಮಾಡಿ ಮಾರಾಟಕ್ಕಿಟ್ಟದ್ದು 1891ರಲ್ಲಿ. ಮೈಸೂರಿನಿಂದ ನಂಜನಗೂಡಿಗೆ ರೈಲು ಹೋದದ್ದೂ ಅದೇ ವರ್ಷ. ಒಂದರ ಅಳತೆ ಇನ್ನೊಂದಕ್ಕೆ ತಿಳಿಯದು.

‘ನಾಲ್ಕೈದು ಮಿಲಿಮೀಟರಿಗೆ ಇಷ್ಟು ರಗಳೆಯೆ?’ ಎಂದು ಔಷಧಿ ಅಂಗಡಿಯವರು ಕೇಳಿದರು. ಕಾರ್ಯಾಗಾರದ ಮಿತ್ರರು ಕೊಟ್ಟ ಉತ್ತರ ನನಗೆ ಮರೆಯದು: ‘ಆ ನಾಲ್ಕೈದು ಮಿಲಿಮೀಟರಿನಲ್ಲೇ ನಮ್ಮ ಚರಿತ್ರೆ ಇದೆ, ಸ್ವಾಮಿ.’

ಆ ಮಾತನ್ನು ತಲೆಯಲ್ಲಿಟ್ಟುಕೊಂಡು ನಾನು ಹಳೆಯ ಗ್ಯಾಸೆಟಿಯರುಗಳನ್ನು ತೆರೆದೆ. ಬೆಂಗಳೂರು ದಂಡಿಗೆ ಮದರಾಸಿನ ಕಡೆಯಿಂದ, ಜೋಲಾರಪೇಟೆಯ ಮೂಲಕ, ಅಗಲ ಹಳಿಯ ರೈಲು ಬಂದದ್ದು 1864ರಲ್ಲಿ. ಅದು ವಿಲಾಯಿತಿ ಬಂಡವಾಳದ ರೈಲು. ಮುಂದೆ 1870ರ ಸುಮಾರಿನಲ್ಲಿ ಮೇಯೋ ಪ್ರಭುವಿನ ಸರ್ಕಾರ ವೆಚ್ಚ ಇಳಿಸಬೇಕೆಂದು ಮೀಟರ್ ಗೇಜನ್ನು ಆರಿಸಿತು. ಹಳಿ ಕಿರಿದಾದರೆ ಏರಿ ಕಿರಿದು, ಸೇತುವೆ ಹಗುರ, ತಿರುವು ಬಿಗಿ, ಖರ್ಚು ಕಡಮೆ. ಬೆಂಗಳೂರಿನಿಂದ ಮೈಸೂರಿಗೆ ಹಾಕಿದ್ದು ಈ ಬಡವರ ಹಳಿಯನ್ನೇ.

ಆದರೆ ಆ ಕೆಲಸ ಆರಂಭವಾದ ಕಾಲ ಯಾವುದು? ಧಾತು, ಈಶ್ವರ ಸಂವತ್ಸರಗಳ ಕಾಲ. ಎಂದರೆ 1876ರಿಂದ 1878ರವರೆಗಿನ ಆ ಘೋರ ಕ್ಷಾಮದ ಕಾಲ. 1871ರ ಜನಗಣತಿಯಲ್ಲಿ ಮೈಸೂರು ಸೀಮೆಯ ಜನ 50 ಲಕ್ಷಕ್ಕೂ ಮಿಗಿಲಾಗಿದ್ದರು. 1881ರ ಗಣತಿಯಲ್ಲಿ ಸಿಕ್ಕವರು ಸುಮಾರು 42 ಲಕ್ಷ. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಸಂಖ್ಯೆ ಹೀಗೆ ಇಳಿದುಹೋಗಿತ್ತು. 1877ರಲ್ಲಿ ಕ್ಷಾಮ ಕಮೀಷನರಾಗಿ ಬಂದ ಎಲಿಯಟ್ ಸಾಹೇಬರು ಗಂಜಿಕೇಂದ್ರಗಳಲ್ಲಿದ್ದ ದುಡಿಯಬಲ್ಲವರನ್ನು ದೊಡ್ಡ ಕಾಮಗಾರಿಗಳಿಗೆ ಕಳುಹಿಸುವ ನೀತಿಯನ್ನು ಜಾರಿಗೆ ತಂದರು. ಮೈಸೂರು ರೈಲಿನ ಮಣ್ಣುಕೆಲಸ ಅಂಥ ಕಾಮಗಾರಿಗಳಲ್ಲಿ ಒಂದು. ಹೊಲ ಒಣಗಿ, ದನ ಸತ್ತು, ಊರು ಬಿಟ್ಟವರು ಮಂಕರಿಯಲ್ಲಿ ಮಣ್ಣು ಹೊತ್ತು ಸುರಿದು ಎಬ್ಬಿಸಿದ ಏರಿಯ ಮೇಲೆ ಮುಂದೆ ಕಂಬಿ ಹಾಸಲಾಯಿತು.

1881ರ ಮಾರ್ಚ್ 25ರಂದು ಬ್ರಿಟಿಷರು ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದಾಗ ಕ್ಷಾಮದ ಫಲವಾದ 80 ಲಕ್ಷ ರೂಪಾಯಿಯ ಸಾಲವೂ ಜೊತೆಗೆ ಬಂದಿತು. ಅಂಥ ಮುಗ್ಗಟ್ಟಿನಲ್ಲಿಯೂ ದಿವಾನ್ ರಂಗಾಚಾರ್ಲು ಅವರು ರೈಲಿನ ಕೆಲಸವನ್ನು ನಿಲ್ಲಗೊಡಲಿಲ್ಲ. ಮತ್ತೊಂದು ಬರ ಬಂದರೆ ಧಾನ್ಯವನ್ನು ಸಾಗಿಸುವ ದಾರಿಯಾದರೂ ಇರಲೆಂಬ ವಿವೇಕ ಆ ಕಾಲದ್ದು. 1882ರ ಆರಂಭದಲ್ಲಿ ಹಳಿ ಮೈಸೂರನ್ನು ಮುಟ್ಟಿತು. ಚರಿತ್ರೆಯ ಪುಸ್ತಕಗಳಲ್ಲಿ ಮಹಾರಾಜರ, ದಿವಾನರ, ಎಂಜಿನಿಯರುಗಳ ಹೆಸರುಗಳಿವೆ, ಇರಬೇಕಾದದ್ದೇ. ಮಂಕರಿ ಹೊತ್ತವರು ಮಾತ್ರ ಸಂಖ್ಯೆಗಳಾಗಿ ಉಳಿದರು.

ನಾನು ಮಾತನಾಡುತ್ತಿರುವ ಈ ಆಕಾಶವಾಣಿ ನಿಲಯ ಯಾದವಗಿರಿಯಲ್ಲಿದೆ. ಇದೇ ಯಾದವಗಿರಿಯಲ್ಲಿ ಬಹುಕಾಲ ಬಾಳಿದ ಆರ್.ಕೆ. ನಾರಾಯಣ್ ಅವರಿಗೆ ಮಾಲ್ಗುಡಿ ಮೊದಲು ಹೊಳೆದದ್ದು ಒಂದು ಪುಟ್ಟ ರೈಲು ನಿಲ್ದಾಣವಾಗಿ. ಊರು ಬೆಳೆದದ್ದು ಅದರ ಸುತ್ತ. ಅದೂ ಒಂದು ಮಾದರಿ ರೈಲೇ, ಅಕ್ಷರದಲ್ಲಿ ಕಟ್ಟಿದ್ದು. ಇಲ್ಲಿಗೆ ಸಮೀಪದಲ್ಲಿಯೇ, ಕೃಷ್ಣರಾಜಸಾಗರದ ರಸ್ತೆಯಲ್ಲಿ, 1979ರಲ್ಲಿ ತೆರೆದ ರೈಲ್ವೆ ವಸ್ತುಸಂಗ್ರಹಾಲಯವಿದೆ. ನಮ್ಮ ಗೋಷ್ಠಿಗೆ ಅದೇ ತೀರ್ಥಕ್ಷೇತ್ರ. ಅಲ್ಲಿ 1899ರ ಮಹಾರಾಣಿಯವರ ಸಲೂನು ಬೋಗಿಯಿದೆ. ಅದರೊಳಗೆ ಅಡುಗೆಮನೆಯುಂಟು, ಊಟದ ಕೋಣೆಯುಂಟು. ಹಳಿಯ ಮೇಲೆ ಓಡುತ್ತಿದ್ದ ಆಸ್ಟಿನ್ ಮೋಟಾರು ಗಾಡಿಯಿದೆ. ಮಕ್ಕಳು ಪುಟಾಣಿ ರೈಲನ್ನೇರಿ ಸುತ್ತುತ್ತಾರೆ. ಎಲ್ಲವೂ ಚೆಂದ. ಆದರೆ ಅಲ್ಲಿಂದ ಹೊರಬರುವಾಗ ನನಗೆ ಅನ್ನಿಸಿದ್ದು ಇಷ್ಟು: ನಾವು ಗಾಲಿಯನ್ನು ಉಳಿಸಿಕೊಂಡೆವು, ಹಳಿಯನ್ನೂ ತುಸು ಉಳಿಸಿಕೊಂಡೆವು, ಹಳಿಯ ಕೆಳಗಿನ ಮಣ್ಣನ್ನು ಮರೆತೆವು.

ವಿಚಿತ್ರವೆಂದರೆ, ಇಂದಿಗೂ ನಾವು ಪ್ರಯಾಣ ಮಾಡುತ್ತಿರುವುದು ಆ ಮಣ್ಣಿನ ಮೇಲೆಯೇ. 1990ರ ದಶಕದಲ್ಲಿ ಬೆಂಗಳೂರು–ಮೈಸೂರು ಹಳಿ ಅಗಲವಾಯಿತು; ಉಗಿಬಂಡಿ ಹೋಯಿತು; ಆಮೇಲೆ ಜೋಡಿಹಳಿ ಬಂದಿತು, ವಿದ್ಯುತ್ತು ಬಂದಿತು. ಏರಿಯನ್ನು ಅಗಲಗೊಳಿಸಿದರು, ಬಲಗೊಳಿಸಿದರು. ದಾರಿ ಮಾತ್ರ ಬಹುಮಟ್ಟಿಗೆ ಧಾತು ಈಶ್ವರದವರು ಹಾಕಿಕೊಟ್ಟದ್ದೇ. ಎರಡೂವರೆ ಗಂಟೆಯಲ್ಲಿ ಬೆಂಗಳೂರು ಸೇರುವ ಅವಸರದಲ್ಲಿ ಕಿಟಕಿಯಿಂದ ಕೆಳಗೆ ನೋಡುವವರು ಯಾರು?

ಇದನ್ನೆಲ್ಲ ಒಂದು ಭಾನುವಾರ ಗೋಷ್ಠಿಯಲ್ಲಿ ಓದಿ ಹೇಳಿದೆ. ಕೇಳಿದ ಮೇಲೆ ಯಾರೂ ಮಾತನಾಡಲಿಲ್ಲ. ಬ್ಯಾಂಕಿನ ಮಿತ್ರರು ಕೊನೆಗೆ, ‘ಮೇಷ್ಟ್ರೇ, ನನ್ನ ಮೇಜಿನ ಮೇಲೆ ಏರಿ ಇದೆ. ಅದನ್ನು ಥರ್ಮೋಕೋಲಿನಲ್ಲಿ ಮಾಡಿದ್ದೇನೆ’ ಎಂದರು. ಅವರ ದನಿಯಲ್ಲಿ ತಪ್ಪೊಪ್ಪಿಗೆಯಿತ್ತು.

ಮೂರು ತಿಂಗಳು ಕೆಲಸ ನಡೆಯಿತು. ವಿದೇಶದ ಹಳಿಗಳು ಪೆಟ್ಟಿಗೆ ಸೇರಿದವು. ಕಾರ್ಯಾಗಾರದ ಮಿತ್ರರು ಹಿತ್ತಾಳೆಯ ಕಂಬಿಯನ್ನು ಹನ್ನೊಂದೂವರೆ ಮಿಲಿಮೀಟರಿನ ಅಂತರದಲ್ಲಿ ಒಂದೊಂದಾಗಿ ಕೈಯಿಂದಲೇ ಕೂಡಿಸಿದರು. ಥರ್ಮೋಕೋಲು ಹೋಗಿ ನಿಜವಾದ ಕೆಮ್ಮಣ್ಣು ಬಂದಿತು. ಒಂದು ಮೂಲೆಯಲ್ಲಿ, ಇನ್ನೂ ಕಂಬಿ ಕಾಣದ ಏರಿಯ ತುದಿಯಲ್ಲಿ, ಮಂಕರಿ ಹೊತ್ತ ಜನರನ್ನು ನಿಲ್ಲಿಸಬೇಕೆಂದು ಗೊತ್ತಾಯಿತು. ಉಗಿಬಂಡಿ ಓಡುವ ಕಾಲಕ್ಕೆ ಅವರು ಅಲ್ಲಿರಲಾರರು ನಿಜ; ಈ ಒಂದು ಕಾಲದೋಷವನ್ನು ನಾವು ತಿಳಿದೇ ಒಪ್ಪಿಕೊಂಡೆವು. ಅಂಗಡಿಯಲ್ಲಿ ದೊರೆಯುವ ಪುಟ್ಟ ಮನುಷ್ಯರೆಲ್ಲ ಕೋಟು ಹ್ಯಾಟಿನವರು. ಹಾಗಾಗಿ ಔಷಧಿ ಅಂಗಡಿಯವರು ಚನ್ನಪಟ್ಟಣದಿಂದ ಆಲೆಮರದ ಚೂರುಗಳನ್ನು ತಂದು, ಗುಳಿಗೆ ಎಣಿಸಿ ಪಳಗಿದ ಬೆರಳುಗಳಿಂದ ಕೆತ್ತತೊಡಗಿದರು. ಈ ಅಳತೆಯಲ್ಲಿ ಒಬ್ಬ ಮನುಷ್ಯನ ಎತ್ತರ ಎರಡು ಸೆಂಟಿಮೀಟರಿಗಿಂತ ಕಡಮೆ. ಮುಖ ಕೆತ್ತಲು ಜಾಗವಿಲ್ಲ. ‘ಮುಖವಿಲ್ಲದೆ ನಿಲ್ಲಿಸುವುದು ಹೇಗೆ?’ ಎಂದು ಅವರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ನಾನು ತೆರೆದ ಪುಸ್ತಕಗಳಲ್ಲಿಯೂ ಅವರಿಗೆ ಮುಖವಿರಲಿಲ್ಲ.

ಈಗ ಏಳು ಮಂದಿ ನಿಂತಿದ್ದಾರೆ. ಕೆತ್ತನೆ ಇನ್ನೂ ನಡೆದಿದೆ. ಗೋಕುಲದ ಮನೆಯಲ್ಲಿ ರಾತ್ರಿ ಓದುತ್ತ ಕುಳಿತಾಗ ದೂರದಿಂದ ರೈಲಿನ ಕೂಗು ಕೇಳಿಬರುತ್ತದೆ. ಮೊದಲು ಅದು ನನಗೆ ಬಾಲ್ಯದ ನವರಾತ್ರಿಯನ್ನು ನೆನಪಿಗೆ ತರುತ್ತಿತ್ತು. ಈಗ ಅದರ ಜೊತೆಗೆ ಈ ಏಳು ಮಂದಿಯ ನೆನಪೂ ಬರುತ್ತದೆ.